ದುಡ್ಡು ಕೊಡದೆ ಮೈ ದಂಡಿಸಲು ಮೈಸೂರಿನಲ್ಲಿ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದ ಗೃಹಿಣಿ, ವಯಸ್ಸು 46. ಈಚೆಗೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಸರಾಸರಿ ಮಟ್ಟ) 6.1 ಬಂದಿದೆ. ಸದ್ಯಕ್ಕೆ ಮಾತ್ರೆ ಬೇಡ, ವ್ಯಾಯಾಮ ಮಾಡಿ ಎಂದು ವೈದ್ಯರು ಹೇಳಿದ್ದಾರೆ. ನಮ್ಮ ಯಜಮಾನರಿಗೆ 54 ವರ್ಷ, ಮಂಡಿ ನೋವಿದೆ. ಮಗ ಪದವಿಯ ಕೊನೆಯ ವರ್ಷದಲ್ಲಿದ್ದು, ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗೆ ತಯಾರಾಗುತ್ತಿದ್ದಾನೆ. ಮೂವರಿಗೂ ಜಿಮ್ಮಿಗೆ ಹಣ ಕಟ್ಟುವುದು ನಮ್ಮಿಂದಾಗದು. ಮೈಸೂರಿನಲ್ಲಿ ಖರ್ಚಿಲ್ಲದೆ ಹೊರಗೆ ವ್ಯಾಯಾಮ ಮಾಡಬಹುದಾದ ಜಾಗಗಳು ಯಾವುವು? ಪಾರ್ಕುಗಳಲ್ಲಿ ಇಟ್ಟಿರುವ ಓಪನ್ ಜಿಮ್ ಉಪಕರಣಗಳಿಂದ ನಿಜವಾಗಿಯೂ ಪ್ರಯೋಜನವಿದೆಯೇ? ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು ನಮಗೆ ಸರಿಹೋಗುತ್ತದೆಯೇ?

ಉತ್ತರ: ಮೂವರಿಗೂ ಒಂದೇ ಜಾಗವನ್ನು ತೋರಿಸಿ ಉತ್ತರ ಮುಗಿಸಬಹುದಿತ್ತು, ಆದರೆ ನಿಮ್ಮ ಮೂವರ ದೇಹಗಳೂ ಕೇಳುತ್ತಿರುವ ಕೆಲಸ ಬೇರೆ ಬೇರೆ. ನಿಮಗೆ ಬೇಕಾಗಿರುವುದು ರಕ್ತದಲ್ಲಿರುವ ಸಕ್ಕರೆಯನ್ನು ಸ್ನಾಯುಗಳು ಬಳಸಿಕೊಳ್ಳುವಂತೆ ಮಾಡುವ ನಿತ್ಯದ ನಡಿಗೆ ಮತ್ತು ಅದರ ಜೊತೆಗೆ ಸ್ನಾಯುಬಲ. ನಿಮ್ಮ ಯಜಮಾನರಿಗೆ ಬೇಕಾಗಿರುವುದು ಮಂಡಿಯ ಸುತ್ತಲಿನ ಸ್ನಾಯುಗಳನ್ನು ಗಟ್ಟಿಮಾಡುವ, ಆದರೆ ಕೀಲಿನ ಮೇಲೆ ಅತಿಯಾದ ಹೊರೆ ಹೇರದ ವ್ಯಾಯಾಮ. ಮಗನಿಗೆ ಬೇಕಾಗಿರುವುದು ಅಳತೆ ಗೊತ್ತಿರುವ ಓಟದ ಹಾದಿ ಮತ್ತು ಒಂದು ಗಟ್ಟಿಯಾದ ಕಬ್ಬಿಣದ ಕಂಬಿ. ಈ ಮೂರೂ ಮೈಸೂರಿನಲ್ಲಿ ಬಿಡಿಗಾಸು ಖರ್ಚಿಲ್ಲದೆ ಸಿಗುತ್ತವೆ. ನಡೆಯುವುದನ್ನಂತೂ ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಗಾದರೆ ಕೆರೆಯ ಏರಿ, ಪಾರ್ಕು, ಬಡಾವಣೆಯ ರಸ್ತೆ, ಎಲ್ಲಿ ನೋಡಿದರೂ ನಡೆಯುವವರೇ. ಇಲ್ಲಿ ಕೊರತೆಯಾಗಿರುವುದು ಬಲ ಬೆಳೆಸುವ ವ್ಯಾಯಾಮ. ಹತ್ತಾರು ವರ್ಷಗಳಿಂದ ತಪ್ಪದೆ ವಾಕಿಂಗ್ ಹೋಗುವವರಲ್ಲಿಯೂ ಕುರ್ಚಿಯಿಂದ ಕೈ ಊರದೆ ಏಳಲು ಕಷ್ಟಪಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದ್ದರಿಂದ ಜಾಗಗಳ ಬಗ್ಗೆ ಹೇಳುವಾಗ, ಯಾವ ಜಾಗದಲ್ಲಿ ಯಾವ ಕೆಲಸ ಆಗುತ್ತದೆ ಎಂಬುದನ್ನೇ ಮುಖ್ಯವಾಗಿ ಇಟ್ಟುಕೊಳ್ಳುತ್ತೇನೆ.

ಎಷ್ಟು ಮಾಡಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆಯನ್ನಾಗಲಿ, 75ರಿಂದ 150 ನಿಮಿಷ ಹೆಚ್ಚು ತೀವ್ರತೆಯದನ್ನಾಗಲಿ ಮಾಡಬೇಕು. ಅದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ದೇಹದ ಪ್ರಮುಖ ಸ್ನಾಯುಗಳೆಲ್ಲಕ್ಕೂ ಬಲದ ವ್ಯಾಯಾಮ ಇರಬೇಕು. ಮಧ್ಯಮ ತೀವ್ರತೆ ಎಂದರೆ ಎಷ್ಟೆಂದು ತಿಳಿಯಲು ಕೈಗಡಿಯಾರವೂ ಬೇಡ, ಮೊಬೈಲೂ ಬೇಡ. ನಡೆಯುತ್ತಾ ಪಕ್ಕದವರೊಂದಿಗೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಮನೆವಾರ್ತೆಯನ್ನೆಲ್ಲ ಸಲೀಸಾಗಿ ಹೇಳಿ ಮುಗಿಸುವಷ್ಟು ಉಸಿರು ಉಳಿದಿದ್ದರೆ ಅದು ಗೆಳತಿಯರ ಭೇಟಿಯೇ ಹೊರತು ವ್ಯಾಯಾಮವಲ್ಲ. ಭೇಟಿಯೂ ಬೇಕಾದದ್ದೇ, ಆದರೆ ಅದನ್ನು 150 ನಿಮಿಷದ ಲೆಕ್ಕಕ್ಕೆ ಸೇರಿಸಬಾರದು.

ಮೊದಲು ನಿಮ್ಮ ವಿಷಯ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಅದನ್ನು ಮಧುಮೇಹದ ಹಿಂದಿನ ಹಂತ ಎಂದು ಪರಿಗಣಿಸುತ್ತಾರೆ; ನಿಮ್ಮದು ಅದರ ನಡುವೆ ಇದೆ. ಸ್ನಾಯು ಕೆಲಸ ಮಾಡುತ್ತಿರುವಾಗ ರಕ್ತದಲ್ಲಿನ ಗ್ಲೂಕೋಸನ್ನು ಇನ್ಸುಲಿನ್ನಿನ ನೆರವಿಲ್ಲದೆಯೂ ಒಳಗೆಳೆದುಕೊಳ್ಳಬಲ್ಲದು, ಮತ್ತು ವ್ಯಾಯಾಮ ಮುಗಿದ ಮೇಲೂ ಕೆಲವು ಗಂಟೆಗಳ ಕಾಲ ಅದು ಇನ್ಸುಲಿನ್ನಿಗೆ ಹೆಚ್ಚು ಚೆನ್ನಾಗಿ ಸ್ಪಂದಿಸುತ್ತದೆ. ಈ ಕಾರಣದಿಂದ ನಿಮ್ಮ ಮಟ್ಟಿಗೆ ಅತಿ ಮುಖ್ಯವಾದ ಉಚಿತ ವ್ಯಾಯಾಮಸ್ಥಳ ಯಾವ ಕೆರೆಯೂ ಅಲ್ಲ, ನಿಮ್ಮ ಮನೆಯ ಮುಂದಿನ ರಸ್ತೆ. ಮಧ್ಯಾಹ್ನದ ಅಥವಾ ರಾತ್ರಿಯ ಊಟವಾದ ಅರ್ಧ ಗಂಟೆಯೊಳಗೆ ಹತ್ತು-ಹದಿನೈದು ನಿಮಿಷ ನಡೆದರೆ, ಊಟದ ನಂತರ ಏರುವ ಸಕ್ಕರೆಯ ಮಟ್ಟ ತಗ್ಗುತ್ತದೆ. ಮುದ್ದೆ, ಅನ್ನ ಎರಡೂ ಇರುವ ನಮ್ಮ ಕಡೆಯ ಊಟಕ್ಕೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕುವೆಂಪುನಗರದ ಒಳರಸ್ತೆಗಳು ಅಗಲವಾಗಿವೆ, ಸಾಲುಮರಗಳಿವೆ, ರಾತ್ರಿ ಎಂಟೂವರೆಯ ಹೊತ್ತಿಗೆ ವಾಹನಗಳೂ ಕಡಿಮೆ, ಇಷ್ಟು ಸಾಕು.

ಬೆಳಗಿನ ಉದ್ದನೆಯ ನಡಿಗೆಗೆ ನಿಮಗೆ ಹತ್ತಿರವಾದದ್ದು ಲಿಂಗಾಂಬುಧಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗಾಗಿ ಕಟ್ಟಿಸಿದ ಕೆರೆ ಇದು. ಈಗ ಅರಣ್ಯ ಇಲಾಖೆಯ ಉಸ್ತುವಾರಿಯಲ್ಲಿದ್ದು, ಸುತ್ತ ನಡೆಯುವ ಹಾದಿಯಿದೆ. ಮಣ್ಣಿನ ಹಾದಿಯ ಲಾಭ ಎರಡು: ಡಾಂಬರು, ಕಾಂಕ್ರೀಟಿಗಿಂತ ಕಾಲಿಗೆ ಹಿತ, ಮತ್ತು ಸ್ವಲ್ಪ ಏರುಪೇರಾಗಿರುವುದರಿಂದ ಕಣಕಾಲಿನ ಸಣ್ಣ ಸ್ನಾಯುಗಳಿಗೂ ಕೆಲಸ ಸಿಗುತ್ತದೆ. ಆದರೆ ಮಳೆಗಾಲದಲ್ಲಿ ಅದೇ ಮಣ್ಣು ಜಾರುತ್ತದೆ, ಹಾದಿಯ ಬದಿಯಲ್ಲಿ ಹುಲ್ಲು ಬೆಳೆದಿರುತ್ತದೆ, ಹುಳಹುಪ್ಪಟೆಯ ಭಯವೂ ಇರುತ್ತದೆ. ಜೂನ್‌ನಿಂದ ಅಕ್ಟೋಬರಿನವರೆಗೆ ಚೆನ್ನಾಗಿ ಬೆಳಕು ಹರಿದ ಮೇಲಷ್ಟೇ ಹೋಗಿ.

ಕುಕ್ಕರಹಳ್ಳಿ ಕೆರೆಯ ಬಗ್ಗೆ ಮೈಸೂರಿನವರಿಗೆ ಪರಿಚಯ ಹೇಳುವುದು ಸ್ವಲ್ಪ ಅತಿಯಾದೀತು. 1864ರಲ್ಲಿ, ಅದೂ ಮುಮ್ಮಡಿಯವರ ಕಾಲದಲ್ಲೇ, ಬೇಸಾಯದ ನೀರಿಗಾಗಿ ಆದ ಈ ಕೆರೆ ಇಂದು ಮಾನಸಗಂಗೋತ್ರಿಯ ಆವರಣಕ್ಕೆ ಸೇರಿದೆ. ಕುವೆಂಪು ಅವರ ವಾಯುವಿಹಾರದ ಜಾಗವೆಂಬ ಹೆಸರು ಅದಕ್ಕೆ ಶಾಶ್ವತವಾಗಿ ಅಂಟಿಕೊಂಡಿದೆ. ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಗುಣವೆಂದರೆ ಅದು ಒಂದು ಪೂರ್ಣ ಸುತ್ತು. ಕೆರೆಯನ್ನು ಒಮ್ಮೆ ಸುತ್ತಿ ಬಂದರೆ ನಾಲ್ಕೂವರೆಯಿಂದ ಐದು ಕಿಲೋಮೀಟರಿನಷ್ಟು ಆಗುತ್ತದೆ. ಚುರುಕಾಗಿ ನಡೆಯುವವರಿಗೆ ಐವತ್ತು ನಿಮಿಷದಿಂದ ಒಂದು ಗಂಟೆ ಬೇಕು. ಅರ್ಧಕ್ಕೆ ಬೇಸರವಾದರೂ ಹಿಂದಿರುಗುವ ದಾರಿ ಮುಂದಿನ ದಾರಿಯಷ್ಟೇ ಉದ್ದವಿರುವುದರಿಂದ ಸುತ್ತು ಮುಗಿಸದೆ ವಿಧಿಯಿಲ್ಲ. ವ್ಯಾಯಾಮದಲ್ಲಿ ಇಂಥ ಬಲವಂತ ಬಹಳ ಉಪಯೋಗಕ್ಕೆ ಬರುತ್ತದೆ. ವಾರಕ್ಕೆ ಮೂರು ಸುತ್ತು ಹಾಕಿದರೆ 150 ನಿಮಿಷದ ಲೆಕ್ಕ ತೀರಿತು. ದಾರಿಯಲ್ಲಿ ನೆರಳಿದೆ, ಕಾಲಕ್ಕೆ ತಕ್ಕಂತೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಕಾಣುತ್ತವೆ. ಗೇಟು ತೆರೆಯುವ, ಮುಚ್ಚುವ ವೇಳೆ ನಿಗದಿಯಾಗಿರುವುದರಿಂದ, ಮೊದಲ ಸಲ ಹೋದಾಗ ಬಾಗಿಲಲ್ಲೇ ನೋಡಿಕೊಂಡು ನಿಮ್ಮ ದಿನಚರಿಗೆ ಹೊಂದುತ್ತದೆಯೇ ಎಂದು ತೀರ್ಮಾನಿಸಿ. ಆದರೆ ಒಂದು ಮಾತು: ಕುವೆಂಪುನಗರದಿಂದ ಅಲ್ಲಿಗೆ ದಿನವೂ ಸ್ಕೂಟರಿನಲ್ಲಿ ಹೋಗಬೇಕಾದರೆ, ಮೂರನೆಯ ವಾರದ ಹೊತ್ತಿಗೆ ಅದು ನಿಲ್ಲುವ ಸಂಭವವೇ ಹೆಚ್ಚು. ವಾರದ ದಿನಗಳಲ್ಲಿ ಹತ್ತಿರದ ಜಾಗ, ಭಾನುವಾರ ದೂರದ ಜಾಗ ಎಂದು ಹಂಚಿಕೊಳ್ಳಿ.

ಊರಿನ ಬೇರೆ ಭಾಗಗಳಲ್ಲಿರುವ ಓದುಗರಿಗಾಗಿ ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಯಾದವಗಿರಿ, ಒಂಟಿಕೊಪ್ಪಲಿನ ಕಡೆಯವರಿಗೆ ಆಕಾಶವಾಣಿಯ ಎದುರಿನ ಚೆಲುವಾಂಬ ಪಾರ್ಕ್ ಇದೆ. ಹೆಬ್ಬಾಳದ ಕಡೆಯವರಿಗೆ ಹೆಬ್ಬಾಳ ಕೆರೆ, ಸಿದ್ಧಾರ್ಥನಗರದವರಿಗೆ ಲಲಿತಮಹಲ್ ರಸ್ತೆ ಮತ್ತು ಹೆಲಿಪ್ಯಾಡಿನ ಬಯಲು, ಸರಸ್ವತೀಪುರಂ ಹಾಗೂ ಲಕ್ಷ್ಮೀಪುರಂನವರಿಗೆ ಓವಲ್ ಮೈದಾನ ಮತ್ತು ಅದರ ಪಕ್ಕದ ಕೃಷ್ಣರಾಜ ಬುಲೆವಾರ್ಡ್ ಇವೆ. ಮಾನಸಗಂಗೋತ್ರಿಯ ಒಳರಸ್ತೆಗಳೂ ಬೆಳಗಿನ ಹೊತ್ತು ನಡೆಯಲು ಚೆನ್ನಾಗಿವೆ. ಕಾರಂಜಿ ಕೆರೆಯನ್ನು ಹಲವರು ಈ ಪಟ್ಟಿಗೆ ಸೇರಿಸುತ್ತಾರೆ, ಆದರೆ ಅದು ಮೃಗಾಲಯದ ಆಡಳಿತಕ್ಕೆ ಸೇರಿದ ಉದ್ಯಾನ. ಒಳಗೆ ಹೋಗಲು ಟಿಕೆಟ್ ಬೇಕು, ಮಂಗಳವಾರ ರಜೆ. ಮಂಡ್ಯದ ಓದುಗರೂ ಇದೇ ಪ್ರಶ್ನೆ ಕೇಳುವುದುಂಟು. ಅಲ್ಲಿನವರಿಗೆ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣವಿರುವಾಗ ವಿ.ಸಿ. ನಾಲೆಯ ಏರಿಯ ಮೇಲೆ ವಾಕಿಂಗ್ ಹೋಗುವ ಅಗತ್ಯವಿಲ್ಲ. ನೀರು ಬಿಟ್ಟಾಗ ನಾಲೆಯ ಸೆಳೆತ ಜೋರಾಗಿರುತ್ತದೆ, ಬದಿ ಜಾರುತ್ತದೆ, ಬಿದ್ದರೆ ಈಜು ಬಲ್ಲವರೂ ಹತ್ತಿ ಬರುವುದು ಕಷ್ಟ.

ಇನ್ನು ಓಪನ್ ಜಿಮ್. ನಿಮ್ಮ ಪ್ರಶ್ನೆಯಲ್ಲಿ ಇದೇ ಹೆಚ್ಚು ವಿವರ ಬೇಡುವ ಭಾಗ, ಏಕೆಂದರೆ ನಗರದ ಬಡಾವಣೆಗಳ ಎಷ್ಟೋ ಪಾರ್ಕುಗಳಲ್ಲಿ ಈಗ ಈ ಉಪಕರಣಗಳಿವೆ, ಜನ ದಿನವೂ ಅವುಗಳ ಮೇಲೆ ಹತ್ತಿ ಇಳಿಯುತ್ತಾರೆ, ಆದರೆ ಯಾವುದರಿಂದ ಏನಾಗುತ್ತದೆ ಎಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಎಲ್ಲಕ್ಕಿಂತ ಜನಪ್ರಿಯವಾದದ್ದು ನಿಂತು ಎರಡೂ ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಬೀಸುವ ಏರ್ ವಾಕರ್. ಅದರಲ್ಲಿ ಕಾಲುಗಳು ಗಡಿಯಾರದ ಲೋಲಕದಂತೆ ತಮ್ಮ ತೂಕದಿಂದಲೇ ತೂಗುತ್ತವೆ. ಒಮ್ಮೆ ವೇಗ ಹಿಡಿದ ಮೇಲೆ ಸ್ನಾಯುಗಳಿಗೆ ಹೆಚ್ಚಿನ ಕೆಲಸವಿಲ್ಲ. ಸೊಂಟದ ಕೀಲು ಸಡಿಲಗೊಳ್ಳಲು ಎರಡು ನಿಮಿಷ ಮಾಡಿದರೆ ಸಾಕು, ನಡಿಗೆಗೆ ಅದು ಬದಲಿಯಲ್ಲ. ತೀರಾ ಅಗಲವಾಗಿ ಬೀಸುವ ಹುಮ್ಮಸ್ಸಿನಲ್ಲಿ ತೊಡೆಸಂದು ಹಿಡಿದುಕೊಂಡವರೂ ಇದ್ದಾರೆ. ಎರಡನೆಯದು ತಟ್ಟೆಯ ಮೇಲೆ ನಿಂತು ಸೊಂಟವನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಟ್ವಿಸ್ಟರ್. ಇದರಿಂದ ಹೊಟ್ಟೆಯ ಬೊಜ್ಜು ಕರಗುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ದೇಹದ ಒಂದು ಭಾಗವನ್ನು ಅಲುಗಾಡಿಸಿದ ಮಾತ್ರಕ್ಕೆ ಅಲ್ಲಿನ ಕೊಬ್ಬು ಮಾತ್ರ ಕರಗುವುದಿಲ್ಲ. ಕೊಬ್ಬು ಕರಗುವಾಗ ಇಡೀ ದೇಹದಿಂದ ಕರಗುತ್ತದೆ, ಎಲ್ಲಿಂದ ಮೊದಲು ಎಂಬುದು ನಮ್ಮ ಕೈಯಲ್ಲಿಲ್ಲ. ಬೆನ್ನುಮೂಳೆಯ ಡಿಸ್ಕಿನ ತೊಂದರೆ ಇರುವವರು ಈ ತಟ್ಟೆಯಿಂದ ದೂರ ಉಳಿಯುವುದೇ ಕ್ಷೇಮ.

ಹಾಗಾದರೆ ಎಲ್ಲವೂ ನಿರುಪಯೋಗಿಯೇ ಎಂದರೆ, ಅಲ್ಲ. ಕುಳಿತು ಕೈಗಳಿಂದ ಮುಂದಕ್ಕೆ ತಳ್ಳುವ ಚೆಸ್ಟ್ ಪ್ರೆಸ್, ಮೇಲಿನ ಹಿಡಿಯನ್ನು ಕೆಳಕ್ಕೆ ಎಳೆಯುವ ಪುಲ್ ಡೌನ್, ಕಾಲಿನಿಂದ ಒತ್ತುವ ಲೆಗ್ ಪ್ರೆಸ್, ಈ ಮೂರೂ ನಿಜವಾದ ಬಲದ ವ್ಯಾಯಾಮಗಳು. ಇವುಗಳಲ್ಲಿ ಪ್ರತ್ಯೇಕ ತೂಕದ ಬಿಲ್ಲೆಗಳಿರುವುದಿಲ್ಲ. ನೀವು ತಳ್ಳಿದಾಗ ಅಥವಾ ಎಳೆದಾಗ ಸನ್ನೆಕೋಲಿನ ಮೂಲಕ ನೀವು ಕುಳಿತ ಆಸನವೇ ಮೇಲೇಳುತ್ತದೆ, ಅಂದರೆ ನಿಮ್ಮ ದೇಹದ ತೂಕದ ಒಂದು ಭಾಗವೇ ನಿಮಗೆ ಹೊರೆ. ಇದರಲ್ಲಿ ಒಂದು ಜಾಣತನವೂ ಇದೆ, ಒಂದು ಮಿತಿಯೂ ಇದೆ. ಹಗುರವಾದವರಿಗೆ ಕಡಿಮೆ, ಭಾರವಾದವರಿಗೆ ಹೆಚ್ಚು ಹೊರೆ ತಾನಾಗಿಯೇ ಬೀಳುತ್ತದೆ ಎಂಬುದು ಜಾಣತನ. ಆದರೆ ಸ್ನಾಯು ಬಲಗೊಳ್ಳಬೇಕಾದರೆ ಹೊರೆಯನ್ನು ಕ್ರಮೇಣ ಹೆಚ್ಚಿಸುತ್ತಾ ಹೋಗಬೇಕು. ಇಲ್ಲಿ ತೂಕ ಹೆಚ್ಚಿಸಲು ಅವಕಾಶವಿಲ್ಲ ಎಂಬುದು ಮಿತಿ. ಮೊದಲ ಎರಡು-ಮೂರು ತಿಂಗಳು ಇವು ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. ಹದಿನೈದು ಸಲ ಸುಲಭವಾಗಿ ಮಾಡುವ ಹಂತ ಬಂದ ಮೇಲೆ, ಲೆಗ್ ಪ್ರೆಸ್ಸನ್ನು ಒಂದೇ ಕಾಲಿನಲ್ಲಿ ಮಾಡಿ, ಅಥವಾ ವಾಪಸು ಬರುವಾಗ ನಾಲ್ಕೆಣಿಸುವಷ್ಟು ನಿಧಾನ ಮಾಡಿ. ನಿಧಾನವಾಗಿ ಹಿಂದಕ್ಕೆ ಬಿಡುವುದರಲ್ಲೇ ಸ್ನಾಯುವಿಗೆ ಅರ್ಧಕ್ಕಿಂತ ಹೆಚ್ಚು ಪಾಠವಿದೆ. ಜನ ಮಾಡುವುದು ಮಾತ್ರ ದಡಬಡನೆ.

ನಿಮಗೆ ವಿಶೇಷವಾಗಿ ಹೇಳಬೇಕಾದ ಇನ್ನೊಂದು ಉಪಕರಣ ಎರಡು ದೊಡ್ಡ ಚಕ್ರಗಳನ್ನು ಕೈಯಿಂದ ತಿರುಗಿಸುವಂಥದ್ದು. ಮಧುಮೇಹ ಇರುವವರಲ್ಲಿ ಭುಜ ಹಿಡಿದುಕೊಂಡು ಕೈ ಮೇಲೆತ್ತಲಾಗದ ಫ್ರೋಜನ್ ಷೋಲ್ಡರ್ ಉಳಿದವರಿಗಿಂತ ಹೆಚ್ಚು ಕಾಣಿಸಿಕೊಳ್ಳುತ್ತದೆ. ನೋವಿಲ್ಲದ ಮಿತಿಯೊಳಗೆ ಎರಡೂ ದಿಕ್ಕಿನಲ್ಲಿ ಚಕ್ರ ತಿರುಗಿಸುವುದು ಭುಜದ ಚಲನೆಯನ್ನು ಕಾಪಾಡಿಕೊಳ್ಳಲು ಒಳ್ಳೆಯದು. ಯಾವ ಉಪಕರಣವನ್ನೇ ಆಗಲಿ ಹತ್ತುವ ಮೊದಲು ಕೈಯಿಂದ ಒಮ್ಮೆ ಬಲವಾಗಿ ಅಲುಗಾಡಿಸಿ ನೋಡಿ. ಬಿಸಿಲಿಗೂ ಮಳೆಗೂ ಮೈಯೊಡ್ಡಿ ನಿಂತ ಕಬ್ಬಿಣ ಅದು. ಬೋಲ್ಟು ಸಡಿಲಾಗಿರುತ್ತದೆ, ಬೇರಿಂಗ್ ಸವೆದಿರುತ್ತದೆ, ಹಿಡಿಯ ರಬ್ಬರು ಕಿತ್ತುಬಂದಿರುತ್ತದೆ. ಹಾಳಾದದ್ದು ಕಂಡರೆ ಪಾಲಿಕೆಯ ವಲಯ ಕಚೇರಿಗೆ ಲಿಖಿತವಾಗಿ ದೂರು ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳಿ. ಪಾರ್ಕಿಗೆ ಬರುವ ಹತ್ತು ಮಂದಿ ಸಹಿ ಹಾಕಿದ ಅರ್ಜಿಗೆ ಒಬ್ಬರ ಅರ್ಜಿಗಿಂತ ಬೆಲೆ ಹೆಚ್ಚು. ಮಕ್ಕಳು ಇವುಗಳ ಮೇಲೆ ಆಡುವಾಗ ಸನ್ನೆಕೋಲಿನ ಸಂದಿಗೆ ಬೆರಳು ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ, ಮೊಮ್ಮಕ್ಕಳನ್ನು ಕರೆತರುವವರು ಅದನ್ನೂ ಗಮನಿಸಬೇಕು.

ಉಪಕರಣಗಳೇ ಇಲ್ಲದ ಪಾರ್ಕಿನಲ್ಲಿಯೂ ಬಲದ ವ್ಯಾಯಾಮಕ್ಕೆ ಕೊರತೆಯಿಲ್ಲ, ಮತ್ತು ನನ್ನನ್ನು ಕೇಳಿದರೆ ಅದೇ ಹೆಚ್ಚು ನಂಬಿಕಸ್ತ. ಕಲ್ಲುಬೆಂಚಿನ ಅಂಚಿನಲ್ಲಿ ಕುಳಿತು ಕೈ ಊರದೆ ಎದ್ದು ನಿಲ್ಲುವುದು, ಮತ್ತೆ ನಿಧಾನವಾಗಿ ಕುಳಿತುಕೊಳ್ಳುವುದು, ಹೀಗೆ ಹತ್ತು ಸಲ. ಎದೆಯೆತ್ತರದ ಕಟ್ಟೆಗೆ ಅಥವಾ ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು ಹತ್ತು ಸಲ. ವಾರಗಳು ಕಳೆದಂತೆ ಕೈಯಿಡುವ ಎತ್ತರವನ್ನು ಕಟ್ಟೆಯಿಂದ ಬೆಂಚಿಗೆ, ಬೆಂಚಿನಿಂದ ನೆಲಕ್ಕೆ ಇಳಿಸುತ್ತಾ ಬಂದರೆ ಹೊರೆ ತಾನಾಗಿ ಹೆಚ್ಚುತ್ತದೆ. ಒಂದು ಗೇಣು ಎತ್ತರದ ಮೆಟ್ಟಿಲನ್ನು ಒಂದೊಂದು ಕಾಲಿನಿಂದ ಹತ್ತಿ ಇಳಿಯುವುದು, ಕಂಬಿ ಹಿಡಿದು ಹಿಮ್ಮಡಿ ಎತ್ತುವುದು, ಸೊಂಟದ ಎತ್ತರದ ಅಡ್ಡಕಂಬಿಯಿದ್ದರೆ ಅದನ್ನು ಹಿಡಿದು ಹಿಂದಕ್ಕೆ ಒರಗಿ ಎದೆಯನ್ನು ಕಂಬಿಯ ಬಳಿಗೆ ಎಳೆದುಕೊಳ್ಳುವುದು. ಈ ಐದನ್ನೂ ಎರಡೆರಡು ಸರದಿ ಮಾಡಲು ಇಪ್ಪತ್ತು-ಇಪ್ಪತ್ತೈದು ನಿಮಿಷ ಸಾಕು. ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಒಂದು ದಿನ ಬಿಡುವು. ಇದೇನೂ ಹೊರಗಿನಿಂದ ಬಂದ ವಿದ್ಯೆಯಲ್ಲ. ಗರಡಿಮನೆಗಳ ಈ ಊರಿನಲ್ಲಿ ಪೈಲ್ವಾನರು ದಂಡ, ಬಸ್ಕಿಗಳಿಂದಲೇ ಮೈ ಕಟ್ಟಿದವರು. ಒಂದು ಎಚ್ಚರಿಕೆ ಮಾತ್ರ: ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಎತ್ತಿ ಪೂರ್ತಿ ಕೆಳಗೆ ಕೂರುತ್ತಾರೆ, ಅದು ಹದಿಹರೆಯದಿಂದ ಪಳಗಿದ ಮಂಡಿಗೆ ಹೇಳಿಮಾಡಿಸಿದ್ದು. 54ನೇ ವಯಸ್ಸಿನಲ್ಲಿ ನೋವಿರುವ ಮಂಡಿಯಿಂದ ಅದನ್ನು ಶುರುಮಾಡಬಾರದು. ನಿಮ್ಮ ಯಜಮಾನರಿಗೆ ಬೆಂಚಿನ ಎತ್ತರದವರೆಗೆ ಕೂತೇಳುವುದೇ ಸರಿ, ಅದೂ ನೋವು ತಡೆದುಕೊಳ್ಳಲಾಗುವಷ್ಟೇ.

ಅವರ ಮಂಡಿಯ ಬಗ್ಗೆ ಹೇಳುತ್ತಲೇ ಬೆಟ್ಟದ ಪ್ರಶ್ನೆಗೆ ಬರುತ್ತೇನೆ. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮಂಡಿಯ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಹೊರೆ ಬೀಳುತ್ತದೆ, ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗಿಂತ ಹೆಚ್ಚು, ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಹತ್ತುವುದೇ ಕಷ್ಟ, ಇಳಿಯುವುದು ಸಲೀಸು ಎಂದು ನಮಗನ್ನಿಸುವುದು ಉಸಿರಿನ ಲೆಕ್ಕದಲ್ಲಿ. ಮಂಡಿಯ ಲೆಕ್ಕ ಅದಕ್ಕೆ ತಿರುಗುಮುರುಗು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ದೇಹದ ಭಾರವನ್ನು ತಡೆದು ಹಿಡಿಯಬೇಕು. ಅಭ್ಯಾಸವಿಲ್ಲದವರು ಒಮ್ಮೆ ಬೆಟ್ಟ ಹತ್ತಿ ಇಳಿದರೆ ಮರುದಿನಕ್ಕಿಂತ ಅದರ ಮರುದಿನ ತೊಡೆ ಹೆಚ್ಚು ನೋಯುವುದು ಇದರಿಂದಲೇ. ಆ ನೋವು ಮೂರು-ನಾಲ್ಕು ದಿನಗಳಲ್ಲಿ ತಾನಾಗಿ ಹೋಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಕೀಲಿನ ಒಳಗಿನ ನೋವು, ಊತ, ಮಂಡಿ ಹಿಡಿದುಕೊಂಡಂತಾಗುವುದು ಬೇರೆ ವಿಷಯ. ಅದಕ್ಕೆ ಮೂಳೆತಜ್ಞರನ್ನು ಕಾಣಬೇಕು.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳು ಕರ್ನಾಟಕದ ಯಾವ ನಗರಕ್ಕೂ ಸಿಗದ ಉಚಿತ ವ್ಯಾಯಾಮಶಾಲೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಭಕ್ತರಿಗಾಗಿ ಕಟ್ಟಿಸಿದ ಮೆಟ್ಟಿಲುಗಳಿವು. ಏಕಶಿಲೆಯ ನಂದಿಯೂ ಅವರ ಕಾಲದ್ದೇ. ಪಾದದಿಂದ ನಂದಿಯವರೆಗೆ ಸುಮಾರು 700 ಮೆಟ್ಟಿಲು, ಅಲ್ಲಿಂದ ಮೇಲಕ್ಕೆ ಉಳಿದ ಮುನ್ನೂರು. ಆರಂಭದ ಭಾಗ ಕಡಿದಾಗಿದ್ದು, ನಂದಿಯ ನಂತರ ಸ್ವಲ್ಪ ಸರಾಗ. ಒಟ್ಟು ಏರುವ ಎತ್ತರವನ್ನು ಸುಮಾರು ಇನ್ನೂರೈವತ್ತು ಮೀಟರ್ ಎಂದು ಹಿಡಿದರೆ, 65 ಕಿಲೋ ತೂಕದವರು ಒಮ್ಮೆ ಹತ್ತಲು ನೂರೈವತ್ತರಿಂದ ಇನ್ನೂರು ಕಿಲೋಕ್ಯಾಲೊರಿಯಷ್ಟು ಶಕ್ತಿ ಖರ್ಚಾಗುತ್ತದೆ. ಇಳಿದು ಬಂದು ಬೆಣ್ಣೆ ಹಾಕಿದ ಮೈಸೂರು ಮಸಾಲೆ ದೋಸೆ ತಿಂದರೆ ಖರ್ಚಿಗಿಂತ ಜಮೆಯೇ ಹೆಚ್ಚಾಗುತ್ತದೆ ಎಂಬುದನ್ನು ಮರೆಯಬಾರದು. ಆದರೆ ಬೆಟ್ಟದ ಬೆಲೆ ಕ್ಯಾಲೊರಿಯಲ್ಲಿಲ್ಲ. ಹೃದಯ, ಶ್ವಾಸಕೋಶಗಳಿಗೆ ತೀವ್ರ ಕೆಲಸ, ತೊಡೆ, ಪೃಷ್ಠ, ಮೀನಖಂಡಗಳಿಗೆ ಬಲದ ಕೆಲಸ, ಎರಡೂ ಒಟ್ಟಿಗೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತವೆ. ಅದಕ್ಕೇ ಅದು ನಿಮಗೂ ಮಗನಿಗೂ ಒಳ್ಳೆಯದು.

ನಿಮ್ಮ ಯಜಮಾನರಿಗೆ? ವೈದ್ಯರು ಬೇಡವೆನ್ನದಿದ್ದರೆ ಹತ್ತಲಿ, ಇಳಿಯುವುದು ಬೇಡ. ಮೊದಲ ತಿಂಗಳು ಸಮತಟ್ಟಾದ ನಡಿಗೆ ಮತ್ತು ಬೆಂಚಿನ ವ್ಯಾಯಾಮ ಮಾತ್ರ. ಎರಡನೆಯ ತಿಂಗಳಲ್ಲಿ ನಿಂತು ನಿಂತು ಮೇಲಕ್ಕೆ ಹೋಗಿ, ಬೆಟ್ಟದಿಂದ ನಗರ ಸಾರಿಗೆ ಬಸ್ಸಿನಲ್ಲಿ ವಾಪಸು ಬರಲಿ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ಇಲ್ಲ. ಅವರು ಮಾತ್ರ ದುಡ್ಡು ಕೊಡಬೇಕಾಗುತ್ತದೆ, ಮನೆಮಂದಿಯ ವ್ಯಾಯಾಮದ ಒಟ್ಟು ಖರ್ಚು ಅಷ್ಟೇ. ಐವತ್ತು ದಾಟಿದವರು, ಅದರಲ್ಲೂ ಬೀಡಿ-ಸಿಗರೇಟು, ರಕ್ತದೊತ್ತಡ ಅಥವಾ ಮನೆತನದಲ್ಲಿ ಹೃದಯದ ಕಾಯಿಲೆ ಇರುವವರು, ಬೆಟ್ಟ ಹತ್ತಲು ಶುರುಮಾಡುವ ಮುನ್ನ ವೈದ್ಯರಿಗೆ ಒಮ್ಮೆ ತೋರಿಸಿಕೊಳ್ಳಬೇಕು. ಹತ್ತುವಾಗ ಎದೆಯಲ್ಲಿ ಒತ್ತಿದಂತಾಗುವುದು, ಎಡತೋಳಿಗೋ ದವಡೆಗೋ ಹರಡುವ ನೋವು, ತಲೆಸುತ್ತು, ತಣ್ಣನೆಯ ಬೆವರು ಇವುಗಳಲ್ಲಿ ಯಾವುದು ಕಂಡರೂ ಅದು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ಅಲ್ಲೇ ಕುಳಿತು ನೆರವು ಕೇಳಬೇಕು.

ಬೆಟ್ಟದಲ್ಲಿ ಕಾಲಮಾನವೂ ಮುಖ್ಯ. ಅದು ಮೀಸಲು ಅರಣ್ಯ. ಚಿರತೆ ಕಾಣಿಸಿಕೊಂಡ ಸುದ್ದಿ ಆಗಾಗ್ಗೆ ಬರುತ್ತಲೇ ಇರುತ್ತದೆ. ಆದ್ದರಿಂದ ಕತ್ತಲಿರುವಾಗ ಹತ್ತುವುದು, ಕತ್ತಲಾದ ಮೇಲೆ ಇಳಿಯುವುದು, ಒಬ್ಬರೇ ಹೋಗುವುದು ಯಾವುದೂ ಬೇಡ. ಆಷಾಢದ ಶುಕ್ರವಾರಗಳಲ್ಲಿ ಮತ್ತು ವರ್ಧಂತಿಯ ದಿನ ಜನಸಾಗರ ಸೇರುತ್ತದೆ. ಹರಕೆ ಹೊತ್ತ ಹೆಣ್ಣುಮಕ್ಕಳು ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚಿರುತ್ತಾರೆ, ಮೇಲೆ ಸೋನೆಮಳೆ ಬಿದ್ದರೆ ಕಲ್ಲು ಜಾರುತ್ತದೆ. ಆ ದಿನಗಳಲ್ಲಿ ಹೋಗುವುದಾದರೆ ದೇವಿಯ ದರ್ಶನಕ್ಕೆ ಹೋಗಿ, ವ್ಯಾಯಾಮವನ್ನು ಇನ್ನೊಂದು ದಿನಕ್ಕಿಡಿ. ಕೈಯಲ್ಲಿ ತಿಂಡಿಯ ಪೊಟ್ಟಣವಿದ್ದರೆ ಕೋತಿಗಳು ಬಿಡುವುದಿಲ್ಲ; ನೀರಿನ ಬಾಟಲಿಯನ್ನು ಚೀಲದೊಳಗೆ ಇಟ್ಟುಕೊಳ್ಳಿ.

ಮಗನ ತಯಾರಿ ಬೇರೆಯೇ. ಹಿಂದಿನ ಕಾನ್‌ಸ್ಟೇಬಲ್ ನೇಮಕಾತಿ ಅಧಿಸೂಚನೆಗಳಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕಿತ್ತು. ಹೊಸ ಅಧಿಸೂಚನೆ ಬಂದಾಗ ಅದರಲ್ಲಿರುವ ಅಳತೆಗಳನ್ನೇ ಅಂತಿಮವೆಂದು ಹಿಡಿಯಲಿ. 400 ಮೀಟರಿನ ಟ್ರ್ಯಾಕಿನಲ್ಲಿ ಇದು ನಾಲ್ಕು ಸುತ್ತು, ಸುತ್ತೊಂದಕ್ಕೆ 97 ಸೆಕೆಂಡು. ಕೆರೆಯ ಹಾದಿಯಲ್ಲಿ ದಿನಾ ಐದು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿದರೆ ದಮ್ಮು ಬರುತ್ತದೆಯೇ ಹೊರತು ಈ ವೇಗ ಬರುವುದಿಲ್ಲ. ವಾರಕ್ಕೊಂದು ದಿನ ಅಳತೆ ಮಾಡಿದ 400 ಮೀಟರನ್ನು 92-95 ಸೆಕೆಂಡಿನಲ್ಲಿ ಓಡಿ, ಎರಡು ನಿಮಿಷ ನಡೆದು, ಮತ್ತೆ ಓಡುವುದು, ಹೀಗೆ ನಾಲ್ಕರಿಂದ ಆರು ಸಲ. ಇನ್ನೊಂದು ದಿನ ಬೆಟ್ಟದ ಮೆಟ್ಟಿಲು. ಉಳಿದ ಎರಡು ದಿನ ಮಾತನಾಡುತ್ತಾ ಓಡಬಹುದಾದ ನಿಧಾನಗತಿಯ ಓಟ. ಟ್ರ್ಯಾಕ್ ಬಳಸಲು ಅನುಮತಿ ಸಿಗದಿದ್ದರೆ ಓವಲ್ ಮೈದಾನದಂಥ ಬಯಲಿನಲ್ಲಿ ಅಳತೆಯ ಟೇಪು ಹಿಡಿದು ದೂರ ಗುರುತು ಮಾಡಿಕೊಳ್ಳಲಿ. ಮರಗಳಿರುವಲ್ಲಿ ಮೊಬೈಲ್ ತೋರಿಸುವ ದೂರ ಸಣ್ಣ ಅಳತೆಗಳಲ್ಲಿ ನಂಬುವಂತಿರುವುದಿಲ್ಲ. ಡಾಂಬರು ರಸ್ತೆಯ ಮೇಲೆ ಏಕಾಏಕಿ ಓಟ ಹೆಚ್ಚಿಸಿದ ಹುಡುಗರಿಗೆ ಮೊಣಕಾಲಿನ ಕೆಳಗಿನ ಮುಂಗಾಲುಮೂಳೆ ನೋಯುವುದು ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಬರುವ ತೊಂದರೆ. ಮಣ್ಣಿನ ನೆಲ, ಸವೆಯದ ಷೂ, ಮತ್ತು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವ ತಾಳ್ಮೆ ಇದ್ದರೆ ಅದನ್ನು ತಪ್ಪಿಸಬಹುದು.

ಷೂವಿನ ಮಾತು ನಿಮ್ಮಿಬ್ಬರಿಗೂ ಅನ್ವಯಿಸುತ್ತದೆ. ಹವಾಯಿ ಚಪ್ಪಲಿಯಲ್ಲಿ ಬಿರುಸಾಗಿ ನಡೆಯುವಾಗ ಅದು ಜಾರದಂತೆ ಬೆರಳುಗಳು ಹಿಡಿಯುತ್ತಲೇ ಇರಬೇಕಾಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಎಡವುವುದೂ ಹೆಚ್ಚು. ಸೀರೆ ಉಟ್ಟೇ ನಡೆಯುವುದಾದರೂ ಕಾಲಿಗೆ ಷೂ ಇರಲಿ. ಅದನ್ನು ನೋಡಿ ನಗುವ ಕಾಲ ಮೈಸೂರಿನಲ್ಲಿ ಮುಗಿದಿದೆ. ಸಕ್ಕರೆಯ ತೊಂದರೆಯ ಅಂಚಿನಲ್ಲಿರುವವರು ನಡೆದು ಬಂದ ಮೇಲೆ ಪಾದದಲ್ಲಿ ಬೊಬ್ಬೆ, ಗಾಯ ಇದೆಯೇ ಎಂದು ನೋಡಿಕೊಳ್ಳುವ ಅಭ್ಯಾಸವನ್ನು ಈಗಲೇ ಮಾಡಿಕೊಳ್ಳುವುದು ಒಳ್ಳೆಯದು. ಹೆಣ್ಣುಮಕ್ಕಳಿಗೆ ಪಾರ್ಕು, ಕೆರೆಗಳಲ್ಲಿ ಎದುರಾಗುವ ನಿಜವಾದ ತೊಡಕು ಶೌಚಾಲಯದ್ದು. ಇದ್ದರೂ ಬೀಗ, ಬೀಗ ತೆಗೆದಿದ್ದರೂ ನೀರಿಲ್ಲ. ಮನೆಯಿಂದ ದೂರವಿಲ್ಲದ ಜಾಗವನ್ನೇ ವಾರದ ದಿನಗಳಿಗೆ ಆರಿಸಿಕೊಳ್ಳಿ ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ. ಬೆಳಗಿನ ಜಾವ ಬೀದಿನಾಯಿಗಳ ಗುಂಪು ಎದುರಾದರೆ ಓಡದೆ, ಕಣ್ಣಿಗೆ ಕಣ್ಣಿಡದೆ, ನಿಧಾನವಾಗಿ ಪಕ್ಕಕ್ಕೆ ಸರಿದು ಹೋಗಬೇಕು.

ನಿಮ್ಮ ವಾರವನ್ನು ಹೀಗೆ ಇಟ್ಟುಕೊಳ್ಳಿ ಎಂದು ಸೂಚಿಸುತ್ತೇನೆ. ಸೋಮವಾರ, ಬುಧವಾರ, ಶುಕ್ರವಾರ ಲಿಂಗಾಂಬುಧಿಯಲ್ಲಿ ನಲವತ್ತು ನಿಮಿಷದ ನಡಿಗೆ. ಮಂಗಳವಾರ ಮತ್ತು ಗುರುವಾರ ಮನೆ ಹತ್ತಿರದ ಪಾರ್ಕಿನಲ್ಲಿ ಬಲದ ವ್ಯಾಯಾಮ. ಭಾನುವಾರ ಕುಕ್ಕರಹಳ್ಳಿಯ ಒಂದು ಸುತ್ತು ಅಥವಾ, ಎರಡು ತಿಂಗಳ ನಂತರ, ಬೆಟ್ಟ. ಪ್ರತಿ ದಿನ ರಾತ್ರಿ ಊಟದ ನಂತರ ಮನೆಮುಂದಿನ ರಸ್ತೆಯಲ್ಲಿ ಹದಿನೈದು ನಿಮಿಷ, ಅದಕ್ಕೆ ರಜೆಯಿಲ್ಲ. ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ, ನಡುವೆ ಪದೇ ಪದೇ ಮಾಡಿಸಿ ಹಣ ಕಳೆಯದೆ ಮೂರು ತಿಂಗಳು ಪೂರ್ತಿಯಾದ ಮೇಲೆ ಒಮ್ಮೆ ಮಾಡಿಸಿ ವೈದ್ಯರಿಗೆ ತೋರಿಸಿ. ಒಂದು ವೇಳೆ ಆಗ ಅವರು ಮಾತ್ರೆ ಶುರುಮಾಡಿದರೆ, ಆ ಮಾತ್ರೆಯಿಂದ ವ್ಯಾಯಾಮದ ವೇಳೆ ಸಕ್ಕರೆ ತೀರಾ ಇಳಿಯುವ ಸಂಭವವಿದೆಯೇ ಎಂದು ಕೇಳಿಕೊಳ್ಳಿ. ಇದೆ ಎಂದಾದರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೊರಡಬಾರದು, ಮತ್ತು ಕೈಚೀಲದಲ್ಲಿ ಎರಡು ಚಮಚ ಸಕ್ಕರೆಯ ಪೊಟ್ಟಣವೊಂದು ಇರಬೇಕು.